ನಾಲ್ಕು ಮೈಕ್ರಾನಿನ ತೆಳ್ಳವು: ಸೆಖೆಯ ಊರಿನಲ್ಲಿ ಸೆಕ್ಷನ್ ಕತ್ತರಿಸುವುದು

ಮೈಕ್ರೋಟೋಮ್ ಎಂದರೆ ಮೇಣದಲ್ಲಿ ಹುದುಗಿಸಿದ ಅಂಗಾಂಶದ ತುಂಡಿನಿಂದ (ಬ್ಲಾಕ್) ಸೂಕ್ಷ್ಮದರ್ಶಕದಲ್ಲಿ ನೋಡಲು ತೆಳು ಹಾಳೆಗಳನ್ನು (ಸೆಕ್ಷನ್) ಕತ್ತರಿಸುವ ಯಂತ್ರ. ಅದರ ಮುಂದೆ ಹೊಸದಾಗಿ ಕೂತವರು ಮೊದಲ ವಾರ ದೂರುವುದು ತಮ್ಮ ಕೈಯನ್ನು. ಸೆಕ್ಷನ್‌ಗಳು ಸರವಾಗಿ ಅಂಟಿ ರಿಬ್ಬನ್ ಬರುತ್ತಿಲ್ಲ, ಸೆಕ್ಷನ್ ಮುದುಡುತ್ತಿದೆ, ಕೈ ಪಳಗಿಲ್ಲ ಎಂದು. ಕೈಯ ತಪ್ಪು ಇರುವುದು ಕಡಿಮೆ. ಬ್ಲಾಕ್ ಬೆಚ್ಚಗಾಗಿರುತ್ತದೆ, ಇಲ್ಲವೇ ಬ್ಲೇಡ್ ಮೊಂಡಾಗಿರುತ್ತದೆ, ಅದೂ ಅಲ್ಲದಿದ್ದರೆ ಎಲ್ಲೋ ಒಂದು ತಿರುಪು ಸಡಿಲವಾಗಿರುತ್ತದೆ. ಮನೆಯಲ್ಲಿ ತೆಳ್ಳವು (ತೆಳು ದೋಸೆ) ಎರೆದು ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಟ್ಟು ಸರಿಯಿದ್ದು, ಕೈ ಪಳಗಿದ್ದರೂ ಕಾವಲಿಯ ಬಿಸಿ ತಪ್ಪಿದರೆ ತೆಳ್ಳವು ಏಳುವುದಿಲ್ಲ.

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯಿಂದ ಮಂಗಳೂರಿಗೋ ದೇರಳಕಟ್ಟೆಗೋ ಪರಿಯಾರಕ್ಕೋ ಹೋಗಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಓದುವವರ ಕೈಯಲ್ಲಿರುವ ಪುಸ್ತಕಗಳು ಹೆಚ್ಚಾಗಿ ತಣ್ಣನೆಯ ದೇಶಗಳವು. ಅಲ್ಲಿ ಕೋಣೆಯ ಉಷ್ಣತೆ ಎಂದರೆ 20–22 ಡಿಗ್ರಿ. ಏಪ್ರಿಲ್ ತಿಂಗಳ ಕಾಸರಗೋಡಿನಲ್ಲಿ ಏಸಿ ಇಲ್ಲದ ಕೋಣೆ ಸುಲಭವಾಗಿ 32 ದಾಟುತ್ತದೆ. ಆಟಿ ತಿಂಗಳ ಮಳೆಯಲ್ಲಿ ಗೋಡೆಯೇ ಬೆವರುತ್ತದೆ. ಅದೇ ಮೇಣ, ಅದೇ ಯಂತ್ರ, ಅದೇ ಬ್ಲೇಡ್ ಇಲ್ಲಿ ಬೇರೆ ರೀತಿ ವರ್ತಿಸುತ್ತವೆ. ಮುಂದೆ ಹೇಳುವ ಅಳತೆಗಳು ಎಲ್ಲ ಕಡೆಯೂ ಬಳಕೆಯಲ್ಲಿರುವವೇ. ಸೆಖೆಗೂ ಮಳೆಗೂ ಎಲ್ಲಿ ಬದಲಿಸಿಕೊಳ್ಳಬೇಕು ಎಂಬುದನ್ನು ಆಯಾ ಜಾಗದಲ್ಲೇ ಸೇರಿಸಿದೆ.

ಎಷ್ಟು ತೆಳು?

ಸಾಮಾನ್ಯ ಸೆಕ್ಷನ್‌ಗೆ 3ರಿಂದ 5 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಒಂದು ಕೆಂಪು ರಕ್ತಕಣದ ಅಗಲ ಸುಮಾರು 7 ಮೈಕ್ರಾನ್, ಅಂದರೆ ನಾವು ಕತ್ತರಿಸುವುದು ಒಂದು ಕಣದ ಅಗಲಕ್ಕಿಂತಲೂ ತೆಳುವಾದ ಹಾಳೆ. ಮೂತ್ರಪಿಂಡದ ಬಯಾಪ್ಸಿಗೆ 2–3, ಲಿಂಫ್ ಗ್ರಂಥಿಗೆ 3, ಉಳಿದ ಹೆಚ್ಚಿನವಕ್ಕೆ 4 ಸಾಕು. ದಪ್ಪವಾದರೆ ಜೀವಕೋಶಗಳು ಒಂದರ ಮೇಲೊಂದು ಬಿದ್ದು, ನ್ಯೂಕ್ಲಿಯಸ್ಸಿನ ಒಳವಿವರ ಬಣ್ಣದ ಮಸಿಯಾಗಿ ಕಾಣುತ್ತದೆ. ಒಂದು ಮಿಲಿಮೀಟರ್ ದಪ್ಪದ ತುಂಡಿನಿಂದ 4 ಮೈಕ್ರಾನಿನ 250 ಸೆಕ್ಷನ್ ಬರಬೇಕು ಎಂಬ ಲೆಕ್ಕ ನೆನಪಿನಲ್ಲಿರಲಿ. ಟ್ರಿಮ್ ಮಾಡುವಾಗ, ಅಂದರೆ ಅಂಗಾಂಶದ ಮುಖ ಕಾಣುವವರೆಗೆ ಬ್ಲಾಕನ್ನು ಕತ್ತರಿಸಿ ತೆಗೆಯುವಾಗ, ಎಷ್ಟು ಕಳೆಯುತ್ತಿದ್ದೀರಿ ಎಂಬುದು ಆಗ ಅರಿವಿಗೆ ಬರುತ್ತದೆ.

ಬ್ಲಾಕ್ ಚೆನ್ನಾಗಿಲ್ಲದಿದ್ದರೆ

ಅರ್ಧಂಬರ್ಧ ತಯಾರಾದ ಅಂಗಾಂಶವನ್ನು ಯಾವ ಬ್ಲೇಡೂ ಕತ್ತರಿಸುವುದಿಲ್ಲ. ಆದ್ದರಿಂದ ಕತ್ತರಿಸುವ ಮೊದಲಿನ ಹಂತಗಳನ್ನು ತಿಳಿದಿರಬೇಕು, ಆ ಕೆಲಸ ಬೇರೆಯವರದ್ದಾಗಿದ್ದರೂ.

ತುಂಡು 3–4 ಮಿ.ಮೀ. ದಪ್ಪ ಮೀರಬಾರದು. ಫಿಕ್ಸ್ ಮಾಡಲು, ಅಂದರೆ ಕೊಳೆಯದಂತೆ ಹಿಡಿದಿಡಲು, 10 ಶೇಕಡಾ ಬಫರ್ ಫಾರ್ಮಲಿನ್ ಬೇಕು, ಅದೂ ತುಂಡಿನ ಗಾತ್ರದ ಕನಿಷ್ಠ 10 ಪಟ್ಟು, ಆದರೆ 20 ಪಟ್ಟು ಉತ್ತಮ. ಪುಟ್ಟ ಬಾಟಲಿಯಲ್ಲಿ ದೊಡ್ಡ ತುಂಡನ್ನು ತುರುಕಿ ನಾಲ್ಕು ಹನಿ ಫಾರ್ಮಲಿನ್ ಹಾಕಿ ಕಳಿಸಿದ್ದು ಬೇಸಿಗೆಯಲ್ಲಿ ಹೊರಗಿನಿಂದ ಗಟ್ಟಿ, ಒಳಗೆ ಕೊಳೆತೇ ಇರುತ್ತದೆ. ಫಿಕ್ಸ್ ಆದ ಮೇಲೆ 70, 90, 100 ಶೇಕಡಾ ಆಲ್ಕೋಹಾಲ್‌ನಲ್ಲಿ ನೀರು ತೆಗೆಯುವುದು, ಝೈಲೀನ್‌ನಲ್ಲಿ ಆಲ್ಕೋಹಾಲ್ ತೆಗೆಯುವುದು, ಕರಗಿದ ಪ್ಯಾರಾಫಿನ್ ಮೇಣದಲ್ಲಿ ಝೈಲೀನ್ ತೆಗೆಯುವುದು. ಹಿಂದಿನದು ಪೂರ್ತಿ ಹೋಗದೆ ಮುಂದಿನದು ಒಳಗೆ ಇಳಿಯುವುದಿಲ್ಲ. ಮಳೆಗಾಲದಲ್ಲಿ 100 ಶೇಕಡಾ ಆಲ್ಕೋಹಾಲ್ ಮುಚ್ಚಳ ತೆರೆದಿಟ್ಟಷ್ಟೂ ಗಾಳಿಯ ತೇವ ಹೀರುತ್ತದೆ. ತುಂಡು ಹಾಕಿದಾಗ ಝೈಲೀನ್ ಹಾಲಿನಂತಾದರೆ ನೀರು ಉಳಿದಿದೆ ಎಂದೇ ಅರ್ಥ, ತುಂಡನ್ನು ಮತ್ತೆ ಹೊಸ ಆಲ್ಕೋಹಾಲ್‌ಗೆ ಹಾಕಿ.

ಮೇಣವನ್ನು ಆರಿಸುವಾಗ ನಮ್ಮ ಕಡೆಗೆ 58–60 ಡಿಗ್ರಿಯಲ್ಲಿ ಕರಗುವುದು ಒಳ್ಳೆಯದು. 56ರದ್ದು ಏಸಿ ಕೋಣೆಯಲ್ಲಿ ಚೆನ್ನಾಗಿ ಕತ್ತರಿಸಿಕೊಳ್ಳುತ್ತದೆ, ಕರೆಂಟ್ ಹೋದ ಅರ್ಧ ಗಂಟೆಯಲ್ಲಿ ಮೆತ್ತಗಾಗಿ ಸತಾಯಿಸುತ್ತದೆ. ಮೇಣದ ಓವನ್ ಕರಗುವ ಬಿಂದುವಿಗಿಂತ 2–3 ಡಿಗ್ರಿ ಮಾತ್ರ ಮೇಲಿರಲಿ. ಅದಕ್ಕೂ ಮೇಲೆ ಹೋದರೆ ಅಂಗಾಂಶ ಹುರಿದ ಹಾಗೆ ಗಡುಸಾಗುತ್ತದೆ.

ಎಂಬೆಡ್ ಮಾಡುವಾಗ, ಅಂದರೆ ತುಂಡನ್ನು ಅಚ್ಚಿನ ಮೇಣದಲ್ಲಿ ಕೂರಿಸುವಾಗ, ಗಮನಿಸಬೇಕಾದ್ದು ದಿಕ್ಕು. ಕರುಳು, ರಕ್ತನಾಳದಂಥ ಕೊಳವೆಗಳು ನೆಟ್ಟಗೆ ನಿಂತಿದ್ದರೆ ಉಂಗುರವಾಗಿ ಕತ್ತರಿಸಿಕೊಳ್ಳುತ್ತವೆ. ಚರ್ಮದ ಗಟ್ಟಿ ಮೇಲ್ಪದರ ಬ್ಲೇಡಿಗೆ ಕೊನೆಯಲ್ಲಿ ಸಿಗುವಂತೆ ಇರಬೇಕು. ಅದು ಮೊದಲು ಸಿಕ್ಕರೆ ಬ್ಲೇಡ್ ಜಗ್ಗಿ, ಹಿಂದಿರುವ ಮೆದು ಭಾಗವೆಲ್ಲ ಮಡಚಿಕೊಳ್ಳುತ್ತದೆ. ಉದ್ದನೆಯ ಗಟ್ಟಿ ತುಂಡನ್ನು ತುಸು ಓರೆಯಾಗಿ ಇಟ್ಟರೆ ಬ್ಲೇಡಿನ ಮೇಲೆ ಹೊರೆ ಒಮ್ಮೆಗೇ ಬೀಳುವುದಿಲ್ಲ. ಕೊನೆಗೆ ತಯಾರಾದ ಬ್ಲಾಕನ್ನು ಒಮ್ಮೆ ಮೂಸಿ, ಉಗುರಿನಿಂದ ಒತ್ತಿ ನೋಡಿ. ಝೈಲೀನ್ ವಾಸನೆ ಬಂದರೆ ಅಥವಾ ಅಂಗಾಂಶದ ಭಾಗ ಮೇಣಕ್ಕಿಂತ ಮೆತ್ತಗೆ ತಗ್ಗಿದರೆ, ಕತ್ತರಿಸಲು ಕೂರಬೇಡಿ.

ಯಂತ್ರದ ಮುಂದೆ

ಇವತ್ತು ಎಲ್ಲೆಡೆ ಇರುವುದು ರೋಟರಿ ಮೈಕ್ರೋಟೋಮ್. ಕೈಚಕ್ರ ಒಂದು ಸುತ್ತು ತಿರುಗಿದರೆ ಬ್ಲಾಕ್ ಒಮ್ಮೆ ಕೆಳಗಿಳಿದು ಬ್ಲೇಡ್ ದಾಟಿ, ಮೇಲೇರಿ, ಡಯಲ್‌ನಲ್ಲಿ ಇಟ್ಟಷ್ಟು ಮೈಕ್ರಾನ್ ಮುಂದೆ ಬರುತ್ತದೆ. (ಹಳೆಯ ಕಾಲೇಜುಗಳ ಬೀರುವಿನಲ್ಲಿ ಸಿಗುವ ಕಪ್ಪು ಕಬ್ಬಿಣದ ತೂಗುಯಂತ್ರ ಕೇಂಬ್ರಿಜ್ ರಾಕಿಂಗ್ ಮೈಕ್ರೋಟೋಮ್. ಚಾರ್ಲ್ಸ್ ಡಾರ್ವಿನ್ನರ ಮಗ ಹೊರೇಸ್ ಡಾರ್ವಿನ್ 1885ರಲ್ಲಿ ರೂಪಿಸಿದ್ದು. ಅದರಲ್ಲಿ ಬ್ಲಾಕ್ ಕಮಾನಿನಲ್ಲಿ ತೂಗುವುದರಿಂದ ಕತ್ತರಿಸಿದ ಮೇಲ್ಮೈಯೂ ಸ್ವಲ್ಪ ಬಾಗಿರುತ್ತದೆ. ಸಿಕ್ಕರೆ ತಿರುಗಿಸಿ ನೋಡಿ, ಯಂತ್ರದ ತತ್ವ ಅಲ್ಲಿ ಬಿಚ್ಚಿಟ್ಟ ಹಾಗೆ ಕಾಣುತ್ತದೆ.)

ಕ್ರಮ ಹೀಗಿರಲಿ, ತಪ್ಪಿಸಬೇಡಿ:

1. ಕೈಚಕ್ರವನ್ನು ಲಾಕ್ ಮಾಡಿ. ಬ್ಲಾಕನ್ನು ಮೊದಲು ಕ್ಲ್ಯಾಂಪಿಗೆ ಸಿಕ್ಕಿಸಿ, ಬ್ಲೇಡನ್ನು ಆಮೇಲೆ ಹಾಕಿ. ಮುಗಿಸುವಾಗ ಇದು ಉಲ್ಟಾ: ಬ್ಲೇಡ್ ಮೊದಲು ಹೊರಗೆ, ಬ್ಲಾಕ್ ನಂತರ.

2. ಬ್ಲಾಕಿನ ಬೆನ್ನಿಗಿರುವ ಪ್ಲಾಸ್ಟಿಕ್ ಕ್ಯಾಸೆಟ್ಟಿನ ಹೊರಬದಿಯಲ್ಲಿ ಹರಿದು ಗಟ್ಟಿಯಾದ ಮೇಣವನ್ನು ಪೂರ್ತಿ ಕೆರೆದು ತೆಗೆಯಿರಿ. ಕ್ಲ್ಯಾಂಪ್ ಮೇಣವನ್ನು ಹಿಡಿದರೆ ಬ್ಲಾಕ್ ಕಾಣದಷ್ಟು ಅಲುಗುತ್ತದೆ, ಸೆಕ್ಷನ್ನಿನಲ್ಲಿ ಅದು ಅಡ್ಡಗೆರೆಗಳಾಗಿ ಬರುತ್ತದೆ. ಅರ್ಧ ದಿನ ಬ್ಲೇಡ್ ಬದಲಿಸುತ್ತ ಕೂರುವ ಹೊಸಬರ ಕಷ್ಟಕ್ಕೆ ಹಲವು ಸಲ ಕಾರಣ ಈ ಚೂರು ಮೇಣ.

3. ಅಂಗಾಂಶದ ಸುತ್ತ 2–3 ಮಿ.ಮೀ. ಮೇಣ ಉಳಿಸಿ, ಮೇಲಂಚು ಕೆಳಗಂಚು ಒಂದಕ್ಕೊಂದು ಸಮಾನಾಂತರವಾಗಿ ಇರುವಂತೆ ಕೆತ್ತಿ. ರಿಬ್ಬನ್ ನೇರ ಬರುವುದು ಇದರಿಂದಲೇ.

4. ಬ್ಲೇಡಿನ ಓರೆ (ಬ್ಲಾಕಿನ ಮುಖಕ್ಕೂ ಬ್ಲೇಡಿನ ಬೆನ್ನಿಗೂ ನಡುವಿನ ಕೋನ) 5 ಡಿಗ್ರಿಯ ಆಸುಪಾಸು ಇಟ್ಟು ಆರಂಭಿಸಿ. ಸಾಮಾನ್ಯವಾಗಿ 3ರಿಂದ 8ರ ನಡುವೆ ಸರಿಯಾದ ಜಾಗ ಸಿಗುತ್ತದೆ. ಒಮ್ಮೆ ಸಿಕ್ಕರೆ ಪೆನ್ಸಿಲಿನಲ್ಲಿ ಗುರುತು ಹಾಕಿ ಅದನ್ನು ಮುಟ್ಟಬೇಡಿ.

5. ಡಯಲ್ 10–15 ಮೈಕ್ರಾನಿಗೆ ಇಟ್ಟು, ಅಂಗಾಂಶದ ಪೂರ್ತಿ ಮುಖ ಕಾಣುವವರೆಗೆ ಟ್ರಿಮ್ ಮಾಡಿ. ಬ್ಲೇಡಿನ ಎಡಭಾಗವನ್ನು ಇದಕ್ಕೇ ಮೀಸಲಿಡಿ, ನಡುಭಾಗ ಹಾಗೂ ಬಲಭಾಗವನ್ನು ಸೆಕ್ಷನ್‌ಗೆ.

ಸೂಜಿ ಬಯಾಪ್ಸಿಯಾದರೆ ಐದನೆಯ ಹಂತ ಬೇರೆ. ಅಲ್ಲಿ ಅಂಗಾಂಶವೇ ಒಂದು ಮಿ.ಮೀ. ದಪ್ಪ. 5 ಮೈಕ್ರಾನ್‌ಗಿಂತ ಹೆಚ್ಚಿಡದೆ, ಪ್ರತಿ ಎರಡು ಮೂರು ಸುತ್ತಿಗೆ ನಿಂತು ನೋಡಿ. ಸ್ಲೈಡ್ ಕೆಟ್ಟರೆ ಇನ್ನೊಂದು ಕತ್ತರಿಸಬಹುದು, ಟ್ರಿಮ್ ಮಾಡಿ ಕಸದ ತಟ್ಟೆಗೆ ಬಿದ್ದದ್ದು ಮರಳಿ ಬರುವುದಿಲ್ಲ, ರೋಗಿಯನ್ನು ಮತ್ತೆ ಚುಚ್ಚಬೇಕಾಗುತ್ತದೆ.

ಐಸ್

ಟ್ರಿಮ್ ಆದ ಬ್ಲಾಕನ್ನು ಮುಖ ಕೆಳಗೆ ಮಾಡಿ ಐಸ್ ಮೇಲೆ 10–15 ನಿಮಿಷ ಇಡಿ. ಒಣ ಐಸ್ ಬೇಡ, ಫ್ರೀಝರಿನ ಒಳಗೂ ಬೇಡ. ಮೈನಸ್ 20ರಲ್ಲಿ ಇಟ್ಟ ಮೇಣ ಬಿರುಕು ಬಿಡುತ್ತದೆ. ತಟ್ಟೆಯಲ್ಲಿ ಐಸ್ ಕರಗಿ ತೆಳು ನೀರು ನಿಂತಿರಬೇಕು. ಐಸಿನ ತಂಪು, ಮೇಣವನ್ನು ಅಂಗಾಂಶದಷ್ಟೇ ಗಟ್ಟಿ ಮಾಡುತ್ತದೆ. ಕರಗಿದ ನೀರು, ಒಣಗಿ ಪೆಡಸಾದ ಅಂಗಾಂಶವನ್ನು ಸ್ವಲ್ಪ ಮೆತ್ತಗೆ ಮಾಡುತ್ತದೆ. ಎರಡೂ ಒಂದು ಮಟ್ಟಕ್ಕೆ ಬಂದಾಗ ಬ್ಲೇಡ್ ಸಲೀಸಾಗಿ ಹೋಗುತ್ತದೆ.

ನೀರಿನ ಅಗತ್ಯ ಅಂಗಾಂಶದಿಂದ ಅಂಗಾಂಶಕ್ಕೆ ಬೇರೆ. ರಕ್ತ ತುಂಬಿದ ತುಂಡುಗಳು, ಗುಲ್ಮ, ಥೈರಾಯ್ಡ್, ಗರ್ಭಕೋಶದ ಸ್ನಾಯು ಇವೆಲ್ಲ ಹೆಚ್ಚು ಹೊತ್ತು ನೆನೆಯಬೇಕು. ನೆನೆಯದಿದ್ದರೆ ಹುಡಿಹುಡಿಯಾಗುತ್ತವೆ. ಕೊಬ್ಬಿರುವ ಸ್ತನದ ತುಂಡಿಗೆ ನೀರಿನಿಂದ ಲಾಭವಿಲ್ಲ, ತಂಪು ಮಾತ್ರ ಬೇಕು, ಅದೂ ಜೋರಾಗಿ. ತುಂಬ ಹೊತ್ತು ನೆನೆಸಿದರೆ ಅಂಗಾಂಶ ಉಬ್ಬಿ ಮೇಣದಿಂದ ಮೇಲೆದ್ದು, ಮೊದಲ ಸೆಕ್ಷನ್‌ಗಳಲ್ಲೇ ಕಿತ್ತು ಬರುತ್ತದೆ.

ಬೇಸಿಗೆಯಲ್ಲಿ ತೆರೆದ ಟ್ರೇಯ ಐಸ್ ನಿಲ್ಲುವುದಿಲ್ಲ. ಮೀನು ತರುವ ಥರ್ಮೋಕೋಲ್ ಪೆಟ್ಟಿಗೆಯಂಥದ್ದೇ ಒಂದು ಹೊಸದು ತಂದು, ಒಳಗೆ ಐಸ್, ಮೇಲೆ ಸ್ಟೀಲ್ ತಟ್ಟೆ ಇಟ್ಟುಕೊಂಡರೆ ಬೆಳಗಿನ ಕೆಲಸ ಸಾಗುತ್ತದೆ. ಒಮ್ಮೆಗೆ ಆರು ಬ್ಲಾಕಿಗಿಂತ ಹೆಚ್ಚು ಟ್ರಿಮ್ ಮಾಡಿ ಜೋಡಿಸಬೇಡಿ. ಕೊನೆಯದರ ಸರದಿ ಬರುವಷ್ಟರಲ್ಲಿ ಅದು ಅತಿ ನೆನೆದಿರುತ್ತದೆ.

ಇನ್ನೊಂದು ಕಾರಣಕ್ಕೂ ಐಸ್ ಲೆಕ್ಕದಲ್ಲಿರಬೇಕು. ತಣ್ಣನೆಯ ಬ್ಲಾಕ್ ಯಂತ್ರಕ್ಕೆ ಬಂದ ಕೂಡಲೇ ಬೆಚ್ಚಗಾಗುತ್ತ ಹಿಗ್ಗುತ್ತದೆ. ಡಯಲ್ 4 ಎಂದರೂ ಆ ಹೊತ್ತಿನಲ್ಲಿ ಬರುವುದು ಅದಕ್ಕಿಂತ ದಪ್ಪ. ಕಾವಲಿಯ ಮೊದಲ ತೆಳ್ಳವು ಲೆಕ್ಕಕ್ಕಿಲ್ಲ ಎನ್ನುವ ಹಾಗೆ ಮೊದಲ ಒಂದೆರಡು ಸೆಕ್ಷನ್ ಬಿಟ್ಟು, ಮುಂದಿನವನ್ನು ತೆಗೆದುಕೊಳ್ಳಿ. ಬ್ಲಾಕ್ ತುಸು ಬೆಚ್ಚಗಾಗಿ ಸೆಕ್ಷನ್ ಮುದುಡತೊಡಗಿದರೆ ಹಟ ಹಿಡಿಯದೆ ಮತ್ತೆ ಐಸ್ ಮೇಲಿಡಿ.

ಚಕ್ರ ತಿರುಗಿಸುವುದು

ಮೊದಲು ಫ್ಯಾನ್ ಆಫ್ ಮಾಡಿ. ಸೆಖೆಗೆ ಜೀವ ಹೋದರೂ ಸರಿ, 4 ಮೈಕ್ರಾನಿನ ರಿಬ್ಬನ್ ಫ್ಯಾನ್ ಗಾಳಿಗೆ ಹಾರಿ ಕನ್ನಡಕದ ಮೇಲೆ ಕೂರುತ್ತದೆ. ಏಸಿಯ ಗಾಳಿಯೂ ನೇರ ಯಂತ್ರದ ಮೇಲೆ ಬೀಳದಿರಲಿ.

ಬ್ಲೇಡಿನ ಹೊಸ ಭಾಗಕ್ಕೆ ಸರಿಸಿ, ಡಯಲ್ 4ಕ್ಕೆ ಇಳಿಸಿ. ಟ್ರಿಮ್ ಮಾಡುವಾಗ ಜೋರಾಗಿ ಎಳೆದ ಬ್ಲೇಡ್ ಮುಖದಲ್ಲಿ ಸಣ್ಣ ತೂತುಗಳನ್ನು ಮಾಡಿರುತ್ತದೆ, ಅವು ಹೋಗುವವರೆಗೆ ಏಳೆಂಟು ಸೆಕ್ಷನ್ ಕಳೆಯಬೇಕಾದೀತು. ಆಮೇಲೆ ಸೆಕೆಂಡಿಗೆ ಒಂದು ಸುತ್ತಿಗಿಂತ ನಿಧಾನವಾಗಿ, ಒಂದೇ ವೇಗದಲ್ಲಿ ತಿರುಗಿಸಿ. ನಡುವೆ ನಿಂತರೆ ಆ ಸೆಕ್ಷನ್ನಿನಲ್ಲಿ ಗೆರೆ ಬೀಳುತ್ತದೆ.

ಬಲಗೈ ಚಕ್ರದಲ್ಲಿ, ಎಡಗೈಯಲ್ಲಿ ಸಣ್ಣ ಮೆತ್ತನೆಯ ಬ್ರಶ್. ಮೊದಲ ಸೆಕ್ಷನ್ ಬ್ಲೇಡಿನಿಂದ ಇಳಿಯುವಾಗ ಸುರುಳಿ ಸುತ್ತಿಕೊಳ್ಳಲು ನೋಡುತ್ತದೆ. ಬ್ರಶ್ಶಿನ ತುದಿಯಿಂದ ಹಗುರವಾಗಿ ತಡೆಹಿಡಿದರೆ ಅದರ ಹಿಂದಿನದು ಅಂಟಿಕೊಂಡು ರಿಬ್ಬನ್ ಬೆಳೆಯುತ್ತದೆ. ಪ್ರತಿ ಸೆಕ್ಷನ್ನಿನ ಅಂಚು ಬ್ಲೇಡಿನ ಒತ್ತಡಕ್ಕೆ ಒಂದಿಷ್ಟು ಬಿಸಿಯಾಗಿ ಮುಂದಿನದಕ್ಕೆ ಬೆಸೆಯುತ್ತದೆ, ಸರ ಕಟ್ಟುವುದು ಹಾಗೆ. ಬ್ರಶ್ಶನ್ನು ಯಾವಾಗಲೂ ಬ್ಲೇಡಿನ ಅಲಗಿನಿಂದ ದೂರಕ್ಕೆ ಎಳೆಯಿರಿ, ಅಲಗಿನ ಕಡೆಗೆ ಅಲ್ಲ. ಚಿಮ್ಮಟಿಗೆಯಿಂದ ಅಲಗನ್ನು ಒಮ್ಮೆ ಮುಟ್ಟಿದರೂ ಅಲ್ಲಿ ಹಲ್ಲು ಬಿದ್ದಿತು ಎಂದೇ ತಿಳಿಯಿರಿ.

ಬಿಸಾಡುವ ಬ್ಲೇಡ್ ಬರುವ ಮೊದಲು ಭಾರದ ಸ್ಟೀಲ್ ಚೂರಿಯನ್ನು ಕಲ್ಲಿನ ಮೇಲೆ ಅಲಗು ಮುಂದಾಗಿ ಮಸೆದು, ಚರ್ಮದ ಪಟ್ಟಿಯ ಮೇಲೆ ಅಲಗು ಹಿಂದಾಗಿ ಎಳೆದು ಹದ ಮಾಡುತ್ತಿದ್ದರು. ಆ ವಿದ್ಯೆ ಈಗ ಪರೀಕ್ಷೆಯ ವೈವಾಕ್ಕೆ ಮಾತ್ರ ಬೇಕಾದೀತು.

ಬಿಸಿನೀರಿನ ಮೇಲೆ

ರಿಬ್ಬನ್ ಸುಕ್ಕು ಬಿಟ್ಟು ಹರಡಿಕೊಳ್ಳಲು ಅದನ್ನು ತೇಲಿಸುವ ಬಿಸಿನೀರಿನ ತೊಟ್ಟಿ, ಅಂದರೆ ವಾಟರ್ ಬಾತ್, ಮೇಣ ಕರಗುವ ಬಿಂದುವಿಗಿಂತ ಸುಮಾರು 10ರಿಂದ 15 ಡಿಗ್ರಿ ಕೆಳಗಿರಲಿ. 58–60ರ ಮೇಣಕ್ಕೆ 45–47, 56ರದ್ದಕ್ಕೆ 42–44. ಯಂತ್ರದ ಮೇಲಿನ ಅಂಕಿಯನ್ನು ನಂಬದೆ ಥರ್ಮಾಮೀಟರ್ ಅದ್ದಿ ನೋಡಿ. ಡಿಸ್ಟಿಲ್ಡ್ ನೀರನ್ನು ಒಮ್ಮೆ ಕುದಿಸಿ ತಣಿಸಿ ಹಾಕಿದರೆ ಸೆಕ್ಷನ್ನಿನ ಕೆಳಗೆ ಸಣ್ಣ ಗುಳ್ಳೆಗಳು ಏಳುವುದು ಕಡಿಮೆ.

ರಿಬ್ಬನ್ನಿನ ಹೊಳೆಯುವ ಬದಿ, ಅಂದರೆ ಬ್ಲೇಡಿಗೆ ತಾಗಿದ್ದ ಬದಿ ಕೆಳಗೆ ಬರಲಿ. ಒಂದು ತುದಿ ನೀರಿಗೆ ತಾಗಿದ ಮೇಲೆ ಇನ್ನೊಂದು ತುದಿಯನ್ನು ತುಸು ಹಿಂದಕ್ಕೆ ಎಳೆಯುತ್ತ ಇಳಿಸಿದರೆ ಸುಕ್ಕು ಅಲ್ಲೇ ಬಿಡಿಸಿಕೊಳ್ಳುತ್ತದೆ. ಹಟಮಾರಿ ಸುಕ್ಕಿಗೆ 20 ಶೇಕಡಾ ಆಲ್ಕೋಹಾಲ್ ಇರುವ ತಟ್ಟೆಯಲ್ಲಿ ಮೊದಲು ತೇಲಿಸಿ, ಅಲ್ಲಿಂದ ಸ್ಲೈಡಿನಲ್ಲಿ ಎತ್ತಿ ಬಿಸಿನೀರಿಗೆ ಬಿಡಿ. ಆಲ್ಕೋಹಾಲ್ ಮತ್ತು ನೀರಿನ ಮೇಲ್ಮೈ ಸೆಳೆತ ಬೇರೆ ಬೇರೆ, ಸೆಕ್ಷನ್ ತಟಕ್ಕನೆ ಹರಡಿಕೊಳ್ಳುತ್ತದೆ. ಅರ್ಧ ನಿಮಿಷಕ್ಕಿಂತ ಹೆಚ್ಚು ತೇಲಿಸಬೇಡಿ. ನೀರು ಅತಿ ಬಿಸಿಯಾದರೆ ಅಥವಾ ಹೊತ್ತು ಮೀರಿದರೆ ಅಂಗಾಂಶ ಹಿಗ್ಗಿ, ಜೀವಕೋಶಗಳ ನಡುವೆ ಬಿರುಕು ಬಿಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದು ಬಿರಿದ ಗದ್ದೆಯಂತೆ ಕಾಣುತ್ತದೆ.

ಸ್ಲೈಡಿನ ಮೇಲೆ ಸಂಖ್ಯೆಯನ್ನು ಸೆಕ್ಷನ್ ಎತ್ತುವ ಮೊದಲೇ ಬರೆಯಿರಿ, ಪೆನ್ಸಿಲಿನಲ್ಲಿ ಅಥವಾ ವಜ್ರದ ಮೊನೆಯಲ್ಲಿ. ಬಾಲ್ ಪೆನ್ನಿನ ಶಾಯಿ ಆಲ್ಕೋಹಾಲ್‌ನಲ್ಲಿ ಕರಗಿಹೋಗುತ್ತದೆ. ಸ್ಲೈಡನ್ನು ನೇರ ನೀರಿಗಿಳಿಸಿ, ಸೆಕ್ಷನ್ನಿನ ಅಂಚಿಗೆ ತಾಗಿಸಿ, ಮೇಲೆತ್ತಿ.

ಮುಂದಿನ ಬ್ಲಾಕಿಗೆ ಹೋಗುವ ಮೊದಲು ಟಿಶ್ಯೂ ಕಾಗದವನ್ನು ನೀರಿನ ಮೇಲೆ ಎಳೆದು ತೇಲುವ ಚೂರುಗಳನ್ನು ತೆಗೆಯಲೇಬೇಕು. ಇದೊಂದರಲ್ಲಿ ರಾಜಿ ಇಲ್ಲ. ಹಿಂದಿನ ರೋಗಿಯ ಕ್ಯಾನ್ಸರಿನ ಒಂದು ಚೂರು ಮುಂದಿನವರ ಸ್ಲೈಡಿಗೆ ಅಂಟಿದರೆ ಏನಾಗಬಹುದು ಎಂಬುದನ್ನು ವಿವರಿಸುವ ಅಗತ್ಯವಿಲ್ಲ.

ಸೆಕ್ಷನ್ ಅಂಟಿ ನಿಲ್ಲಲು ಸಾದಾ ಸ್ಲೈಡಿಗೆ, ಸೆಕ್ಷನ್ ಎತ್ತುವ ಮೊದಲೇ ಸವರುವ ಮೇಯರ್ ಆಲ್ಬುಮಿನ್ ಸಾಕು: ಮೊಟ್ಟೆಯ ಬಿಳಿ ಮತ್ತು ಗ್ಲಿಸರಿನ್ ಸಮಪಾಲು, ಕೆಡದಂತೆ ಒಂದು ಚೂರು ಥೈಮಾಲ್, ಚೆನ್ನಾಗಿ ಬೆರೆಸಿ ಸೋಸಿಟ್ಟುಕೊಳ್ಳುವುದು. ಒಂದು ಸಣ್ಣ ಹನಿಯನ್ನು ಬೆರಳಿನಿಂದ ಸವರಿ, ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗಿ. ಹೆಚ್ಚಾದರೆ ಅದೂ ಬಣ್ಣ ಹಿಡಿದು ಹಿನ್ನೆಲೆ ಮಬ್ಬಾಗುತ್ತದೆ.

ಎತ್ತಿದ ಸ್ಲೈಡನ್ನು ನೆಟ್ಟಗೆ ನಿಲ್ಲಿಸಿ ನೀರು ಪೂರ್ತಿ ಇಳಿಯಲು ಬಿಡಿ, ಆಮೇಲೆ 60 ಡಿಗ್ರಿ ಓವನ್ನಿನಲ್ಲಿ ಅರ್ಧದಿಂದ ಒಂದು ಗಂಟೆ. ಬೇಸಿಗೆಯಲ್ಲಿ 5 ನಿಮಿಷದಲ್ಲಿ ಇಳಿಯುವ ನೀರು ಜೂನ್, ಜುಲೈಯಲ್ಲಿ 20 ನಿಮಿಷ ತೆಗೆದುಕೊಳ್ಳುತ್ತದೆ. ಅವಸರಕ್ಕೆ ಓವನ್ನಿಗೆ ತಳ್ಳಿದರೆ ಸೆಕ್ಷನ್ನಿನ ಕೆಳಗೆ ಸಿಕ್ಕಿಬಿದ್ದ ನೀರು ಗುಳ್ಳೆಯಾಗಿ, ಬಣ್ಣ ಹಾಕುವಾಗ ಇಡೀ ಸೆಕ್ಷನ್ ಕಳಚಿ ಹೋಗುತ್ತದೆ. ಮಳೆಗಾಲದಲ್ಲಿ ಸ್ಲೈಡ್ ತೊಳೆದುಹೋಯಿತು ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಈ ಅವಸರ.

ಏನಾದರೂ ತಪ್ಪಿದಾಗ

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೊದಲು ಎಲ್ಲ ತಿರುಪು ಬಿಗಿ ಮಾಡಿ, ಆಮೇಲೆ ಬ್ಲಾಕ್ ತಣಿಸಿ, ಆಮೇಲೆ ಬ್ಲೇಡಿನ ಹೊಸ ಭಾಗಕ್ಕೆ ಸರಿಸಿ, ಓರೆಯನ್ನು ಕಟ್ಟಕಡೆಗೆ ಮುಟ್ಟಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಸರಿಯಾದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ, ನಾಳೆ ಮತ್ತೆ ಅದೇ ಗೋಳು.

ಅಲಗಿಗೆ ಸಮಾನಾಂತರವಾಗಿ ಅಡ್ಡಗೆರೆಗಳು ಬಂದರೆ ಅದು ನಡುಕ. ಬ್ಲಾಕ್ ಅಥವಾ ಬ್ಲೇಡ್ ಸಡಿಲ, ಇಲ್ಲವೇ ಓರೆ ಅತಿಯಾಗಿದೆ, ಇಲ್ಲವೇ ಅಂಗಾಂಶ ಪೆಡಸು. ಕತ್ತರಿಸುವ ದಿಕ್ಕಿನಲ್ಲಿ ಉದ್ದಕ್ಕೆ ಗೀರು ಬಂದರೆ ಅಲಗಿನಲ್ಲಿ ಹಲ್ಲು ಅಥವಾ ಮೇಣದಲ್ಲಿ ಧೂಳು. ಬ್ಲೇಡನ್ನು ಪಕ್ಕಕ್ಕೆ ಸರಿಸಿ ನೋಡಿ: ಗೀರು ಹೋದರೆ ತಪ್ಪು ಬ್ಲೇಡಿನದು, ಅದೇ ಜಾಗದಲ್ಲಿ ಉಳಿದರೆ ಬ್ಲಾಕಿನ ಒಳಗೆ ಗಟ್ಟಿಯಾದದ್ದು ಏನೋ ಇದೆ. ಅದು ಹೆಚ್ಚಾಗಿ ಕ್ಯಾಲ್ಸಿಯಂ. ಆಗ ಬ್ಲಾಕಿನ ಮುಖವನ್ನು 10 ಶೇಕಡಾ ಫಾರ್ಮಿಕ್ ಆಮ್ಲದಲ್ಲಿ ಅರ್ಧದಿಂದ ಒಂದು ಗಂಟೆ ಇಟ್ಟು, ತೊಳೆದು, ತಣಿಸಿ ಕತ್ತರಿಸಿ. ಆಮ್ಲ ಮೆದು ಮಾಡುವುದು ಮೇಲಿನ ಕೆಲವೇ ಮೈಕ್ರಾನ್‌ಗಳನ್ನು, ಆದ್ದರಿಂದ ಮತ್ತೆ ಟ್ರಿಮ್ ಮಾಡಿ ಅದನ್ನೇ ಕಳೆದುಕೊಳ್ಳಬೇಡಿ.

ಒಂದು ದಪ್ಪ, ಒಂದು ತೆಳು ಬರುತ್ತಿದ್ದರೆ ಓರೆ ತೀರ ಕಡಿಮೆಯಾಗಿ ಬ್ಲಾಕ್ ಬ್ಲೇಡಿನ ಬೆನ್ನಿಗೆ ಉಜ್ಜುತ್ತಿರಬಹುದು, ಅಥವಾ ಮೇಣ ಮೆತ್ತಗಾಗಿರಬಹುದು. ಸೆಕ್ಷನ್ ಬ್ಲಾಕಿಗಿಂತ ಗಿಡ್ಡವಾಗಿ ಮುದುಡಿ ಬಂದರೆ ಬ್ಲೇಡ್ ಮೊಂಡು ಅಥವಾ ಬ್ಲಾಕ್ ಬಿಸಿ. ನಮ್ಮಲ್ಲಿ ಎರಡನೆಯದನ್ನೇ ಮೊದಲು ಅನುಮಾನಿಸಿ. ರಿಬ್ಬನ್ ಬಿಲ್ಲಿನಂತೆ ಬಾಗಿದರೆ ಬ್ಲಾಕಿನ ಅಂಚುಗಳು ಸಮಾನಾಂತರ ಇಲ್ಲ. ಸರವೇ ಕಟ್ಟದೆ ಬಿಡಿಬಿಡಿಯಾದರೆ ಬ್ಲಾಕ್ ಅತಿ ತಣ್ಣಗಾಗಿರಬಹುದು, ಅದರ ಮೇಲೆ ಒಮ್ಮೆ ಬಾಯಿಯಿಂದ ಹಾ ಎಂದು ಉಸಿರು ಬಿಟ್ಟು ತಿರುಗಿಸಿ ನೋಡಿ. ಸೆಕ್ಷನ್ ಹಾರಿ ಬ್ಲೇಡಿಗೂ ಬ್ಲಾಕಿಗೂ ಅಂಟುತ್ತಿದ್ದರೆ ಅದು ಸ್ಥಿರ ವಿದ್ಯುತ್ತು. ಮಳೆಗಾಲದಲ್ಲಿ ಇದು ವಿರಳ, ಒಣ ಏಸಿ ಕೋಣೆಯಲ್ಲಿ ಕಾಣುತ್ತದೆ. ಪಕ್ಕದಲ್ಲಿ ಒಂದು ಪಾತ್ರೆ ಬಿಸಿನೀರು ಇಟ್ಟರೆ ತಗ್ಗುತ್ತದೆ.

ಯಾವುದರಲ್ಲಿ ಕಲಿಯುವುದು

ರೋಗಿಯ ಬ್ಲಾಕಿನಲ್ಲಂತೂ ಅಲ್ಲ. ಮೊದಲ ಎರಡು ಮೂರು ದಿನ ಅಂಗಾಂಶವಿಲ್ಲದ ಬರಿ ಮೇಣದ ಬ್ಲಾಕ್, ಹತ್ತು ಸೆಕ್ಷನ್ನಿನ ನೇರ ರಿಬ್ಬನ್ ಬರುವವರೆಗೆ. ಆಮೇಲೆ ಕೋಳಿ ಅಂಗಡಿಯ ಲಿವರ್, ಆಡಿನ ಮೂತ್ರಪಿಂಡ, ಕೋಳಿಯ ಹೃದಯ, ಕೊನೆಗೆ ಕೊಬ್ಬು ಸಹಿತವಾದ ಚರ್ಮ. ಕಷ್ಟ ಈ ಕ್ರಮದಲ್ಲೇ ಏರುತ್ತದೆ. ತಾಜಾ ಇರುವಾಗಲೇ 3 ಮಿ.ಮೀ. ಹೋಳು ಮಾಡಿ ಫಾರ್ಮಲಿನ್‌ಗೆ (ಅಂಗಡಿಯ ಫಾರ್ಮಲಿನ್ 1 ಪಾಲು, ನೀರು 9 ಪಾಲು) 24 ಗಂಟೆ ಹಾಕಿ. ಮುಂದೆ 70, 90 ಶೇಕಡಾ ಆಲ್ಕೋಹಾಲ್ ಒಂದೊಂದು ಗಂಟೆ, 100ರದ್ದು ಮೂರು ಸಲ ಒಂದೊಂದು ಗಂಟೆ, ಝೈಲೀನ್ ಎರಡು ಸಲ ಒಂದೊಂದು ಗಂಟೆ, ಮೇಣ ಎರಡು ಸಲ ಒಂದೂವರೆ ಗಂಟೆ. ಲಿವರನ್ನು ಆಲ್ಕೋಹಾಲ್‌ನಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಒಣ ರೊಟ್ಟಿಯಾಗುತ್ತದೆ. ಫಾರ್ಮಲಿನ್, ಝೈಲೀನ್ ಎರಡನ್ನೂ ಗಾಳಿಯಾಡುವ ಜಾಗದಲ್ಲಿ, ಕೈಗವಸು ಹಾಕಿ ಬಳಸಿ. ಝೈಲೀನ್ ಹತ್ತಿರ ಬೆಂಕಿ ಬೇಡ.

ಬ್ಲೇಡ್, ಬ್ಲಾಕ್, ಯಂತ್ರ

ಒಂದು ನಿಮಿಷಕ್ಕೆ ಎದ್ದರೂ ಚಕ್ರ ಲಾಕ್, ಬ್ಲೇಡಿಗೆ ಗಾರ್ಡ್. ಮೈಕ್ರೋಟೋಮ್ ಬ್ಲೇಡ್ ತಾಗಿದ್ದು ನೋವಿಗಿಂತ ಮೊದಲು ರಕ್ತದಿಂದಲೇ ತಿಳಿಯುತ್ತದೆ. ಗಾಯವನ್ನು ಹರಿಯುವ ನೀರು, ಸೋಪಿನಲ್ಲಿ ತೊಳೆದು ಮೇಲಿನವರಿಗೆ ಹೇಳಿ. ಬಳಸಿದ ಬ್ಲೇಡ್ ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹೋಗಬಾರದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಹರಿತ ವಸ್ತುಗಳಿಗೆ ಚುಚ್ಚಿದರೂ ತೂತಾಗದ, ಸೋರದ ಬಿಳಿ ಅರೆಪಾರದರ್ಶಕ ಡಬ್ಬಿಯೇ ಬೇಕು.

ದಿನದ ಕೊನೆಗೆ ಯಂತ್ರದ ಮೇಲಿನ ಮೇಣದ ಹುಡಿಯನ್ನು ಒಣ ಬ್ರಶ್ಶಿನಿಂದ ಗುಡಿಸಿ, ತೆರೆದ ಲೋಹದ ಭಾಗಗಳಿಗೆ ಯಂತ್ರದ ಎಣ್ಣೆಯ ತೆಳು ಪದರ ಸವರಿ. ಜೂನ್ ತಿಂಗಳಲ್ಲಿ ಎರಡು ದಿನ ಮರೆತರೆ ತುಕ್ಕಿನ ಚುಕ್ಕೆ ಕಾಣಿಸುತ್ತದೆ. ಕತ್ತರಿಸಿ ಮುಗಿದ ಬ್ಲಾಕಿನ ತೆರೆದ ಮುಖಕ್ಕೆ ಕರಗಿದ ಮೇಣವನ್ನು ಒಂದು ಸಲ ಸವರಿ ಮುಚ್ಚಿ, ಇಲ್ಲದಿದ್ದರೆ ಅಂಗಾಂಶ ಒಣಗಿ ಕುಗ್ಗುತ್ತದೆ, ಜಿರಳೆ ಇರುವಲ್ಲಿ ಅವೂ ಬಾಯಿ ಹಾಕುತ್ತವೆ. ಬ್ಲಾಕುಗಳ ಡ್ರಾಯರನ್ನು ಮಧ್ಯಾಹ್ನದ ಬಿಸಿಲು ಬೀಳುವ ಪಡುವಣ ಗೋಡೆಗೆ ತಾಗಿಸಿ ಇಡಬೇಡಿ. ಮೇ ತಿಂಗಳಲ್ಲಿ ಆ ಡ್ರಾಯರ್ ತೆರೆದರೆ ಬ್ಲಾಕುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ.